ಅತ್ತೆ ಒತ್ತಿದ ಹಾರ್ಟು

ಮಾರ್ಚ್ ೧೨, ಮಂಗಳವಾರ

ಅತ್ತೆಯ ಬೆಳಗಿನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಅವರ ಮೆಚ್ಚಿನ ಗಾಯಕನ ಗಂಟಲು ಕೆಟ್ಟಿದೆ, ಈ ವರ್ಷ ಹಾಡುವುದಿಲ್ಲ ಎಂದು ತಂಡದವರು ಅವನ ಪೇಜಿನಲ್ಲಿ ಹಾಕಿದ್ದರು. ಅತ್ತೆ ಹೊಲಿಗೆ ಮಷೀನಿನ ಮುಂದೆಯೇ ಅತ್ತರು. ಅಳುತ್ತಲೇ ಎಂದಿನಂತೆ ಹಾರ್ಟು ಒತ್ತಿದರು. ಅವರಿಗೆ ಬರುವುದು ಅದೊಂದೇ. "ಇದಕ್ಕೂ ಹಾರ್ಟ್ ಒತ್ತೋರು ಎಂಥ ಜನ?" ಎಂದು ಯಾರೋ ಅಭಿಮಾನಿ ಕೆಳಗೆ ಚುಚ್ಚಿದ್ದ.

ಆಮೇಲೆ ದಿನವಿಡೀ ಆ ಗಾಯಕನ ಬಗ್ಗೆ ಒಂದೇ ಮಾತು. "ನಾನು ಖುಷಿಪಟ್ಟೆ ಅಂದ್ಕೊಂಡ್ನೇನೇ ಅವನು?"

ಎರಡು ಸಾಲು ಬರೆಯಿರಿ ಎಂದೆ. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವವರು ಒಂದು ಒತ್ತಕ್ಷರಕ್ಕೆ ಬೆವರಿ ಫೋನು ಪಕ್ಕಕ್ಕಿಟ್ಟರು. ಕೊನೆಗೆ ಮೈಕಿನ ಗುರುತು ತೋರಿಸಿದೆ. ಒತ್ತಿ ಹಿಡಿದು ಮಾತಾಡಿದರೆ ಅವನಿಗೇ ಹೋಗುತ್ತದೆ, ಇದೂ ಹಾರ್ಟಿನಷ್ಟೇ ಸುಲಭ ಎಂದೆ.

"ನೀನು ಮಾತಾಡ್ಬೇಡಪ್ಪ," ಎಂದರು ಮೈಕು ಒತ್ತಿ ಹಿಡಿದು. "ಬಿಸಿನೀರು ಕುಡಿ. ಹಾಡು ಎಲ್ಲಿಗೂ ಹೋಗಲ್ಲ."

ಈಗಷ್ಟೇ ಅವನಿಂದ ಉತ್ತರ ಬಂತು. ಬರೀ ಒಂದು ಹಾರ್ಟು. ಇಷ್ಟೇನಾ ಎಂದು ನನಗೆ ಪಿಚ್ಚೆನಿಸಿತು. ಅತ್ತೆ ಮಾತ್ರ ಫೋನನ್ನು ಎದೆಗೊತ್ತಿಕೊಂಡರು.

"ಪಾಪ, ಅವನಿಗೂ ಅಷ್ಟೇ ಬರೋದು ಕಣೇ."