ಸೊಸೆಯ ಪ್ಯಾಂಟು

ಜಿಗಣಿ, ಸೋಮವಾರ

ಸೂಪರ್‌ವೈಸರ್ ಕೃಪಾ ಮೇಡಂ ಅವರಿಗೆ ಶೇಖವ್ವನ ನಮಸ್ಕಾರ.

ನಾಲ್ಕು ತಿಂಗಳಾದ ಮೇಲೆ ಇವತ್ತು ಸೀರೆ ಉಟ್ಟು ಫ್ಯಾಕ್ಟರಿಯಲ್ಲಿ ನಿರಾಳವಾಗಿ ಓಡಾಡಿದೆ. ಯೂನಿಫಾರ್ಮಿನ ಪ್ಯಾಂಟು ತೊಟ್ಟಾಗ ಅಂಗಿಯನ್ನು ಕೆಳಗೆ ಜಗ್ಗಿಕೊಳ್ಳಲು ಒಂದು ಕೈ ಬೇಕಾಗುತ್ತಿತ್ತು, ಕಸಬರಿಗೆಗೆ ಇನ್ನೊಂದೇ ಕೈ ಉಳಿಯುತ್ತಿತ್ತು. ಸೀರೆ ಕಾಲಿಗೆ ತೊಡರುತ್ತದೆಂದು ನೀವು ಹೆದರಿದ್ದು ತಪ್ಪಲ್ಲ. ಆದರೆ ನಮ್ಮ ಕೊಪ್ಪಳದ ಕಡೆ ಹೆಂಗಸರು ಹೊಲಕ್ಕೆ ಇಳಿಯುವುದು ಕಚ್ಚೆ ಹಾಕಿದ ಸೀರೆಯಲ್ಲೇ. ಶನಿವಾರ ಹಾಗೆ ಉಟ್ಟು ನಾನು ಏಣಿ ಹತ್ತಿ ಫ್ಯಾನು ಒರೆಸಿದ್ದನ್ನು ನೋಡಿ ನೀವು ಒಪ್ಪಿದಿರಿ. ನನಗೆ ಅಷ್ಟೇ ಸಾಕಿತ್ತು.

ಆಮೇಲೆ ನೀವು, “ಸಕ್ಕತ್ತಾಗಿದೆ ಶೇಖವ್ವ, ನಿಮ್ ಸೊಸೆಗೂ ಇದನ್ನೇ ಉಟ್ಕೊಂಡ್ ಬಾ ಅಂತ ಹೇಳ್ಲಾ?” ಎಂದಿರಿ. ಎಲ್ಲರೆದುರು ನಾನು ನಕ್ಕುಬಿಟ್ಟೆ. ಪಕ್ಕದಲ್ಲೇ ಇದ್ದ ಸೊಸೆ ಸವಿತಾ ಅದನ್ನೇ ಒಪ್ಪಿಗೆ ಎಂದುಕೊಂಡಳು. ರೂಮಿಗೆ ಬಂದವಳೇ, “ಅತ್ತಿ, ನನಗ ಪ್ಯಾಂಟೇ ಚಲೋ ಅನಸ್ತೈತ್ರಿ, ಸಿಟ್ಟಾಗಬ್ಯಾಡ್ರಿ” ಎಂದು ಕಣ್ಣೀರು ಹಾಕಿದಳು.

ದಯವಿಟ್ಟು ಅವಳ ಹತ್ತಿರ ಸೀರೆಯ ಮಾತು ಎತ್ತಬೇಡಿ ಮೇಡಂ. ಆ ಪ್ಯಾಂಟು ನನ್ನ ಕಣ್ಣಿಗೆ ಈಗಲೂ ಒಗ್ಗಿಲ್ಲ, ಸುಳ್ಳೇಕೆ ಹೇಳಲಿ. ಆದರೆ ತೊಡುವವಳು ಅವಳು. ಅದನ್ನು ತೊಟ್ಟ ದಿನ ಅವಳ ನಡಿಗೆಯೇ ಬೇರೆ.

ಇನ್ನೊಂದು ವಿಷಯ. ಏಣಿ ಹತ್ತುವಾಗ ನನ್ನ ಎಲೆ ಅಡಿಕೆಯ ಸಂಚಿ ಸೊಂಟದಿಂದ ಜಾರಿ ಬೀಳುತ್ತದೆ. ಇವತ್ತಿನಿಂದ ಅದು ಸವಿತಾಳ ಪ್ಯಾಂಟಿನ ಜೇಬಿನಲ್ಲಿದೆ.

ಇಂತಿ,
ಹೌಸ್‌ಕೀಪಿಂಗ್‌ನ ಶೇಖವ್ವ