ಭಾವ ಮರೆತುಹೋದ ಚೀಲ

ಭಾವನವರಿಗೆ,

ಕೈಯಲ್ಲಿ ಹಿಡಿದು ಆಡುವ ನಿಮ್ಮ ಕಂಪನಿಯ ವಿಡಿಯೊ ಗೇಮ್ ಸೆಟ್ಟಿನ ತಯಾರಿಕೆ ನಿಂತೇಹೋಗುತ್ತದೆ ಎಂದು ಊರೆಲ್ಲ ಸುದ್ದಿ. ನಿನ್ನೆ ನೀವು ನನ್ನ ಅಂಗಡಿಗೆ ಬಂದು, “ಅದಕ್ಕೆ ಹೊಸ ಆಟಗಳು ಬರ್ತಾ ಇವೆ, ಧೈರ್ಯವಾಗಿ ಮಾರು” ಎಂದು ಮೇಜು ಕುಟ್ಟಿ ಹೇಳಿದಿರಿ. ಸಂಜೆಯೇ ಎದುರುಮನೆ ನರ್ಸಮ್ಮನಿಗೆ ಒಂದು ಸೆಟ್ಟು ಮಾರಿದೆ. “ನಮ್ಮ ಭಾವನೇ ಹೇಳಿದ್ದು” ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ನೀವು ಮರೆತುಹೋದ ಚೀಲ ಕಳಿಸಿದ್ದೇನೆ. ಯಾರದೆಂದು ತಿಳಿಯದೆ ಬಿಚ್ಚಿ ನೋಡಿದೆ. ಒಳಗಿದ್ದದ್ದು ನಿಮ್ಮ ಎದುರಾಳಿ ಕಂಪನಿಯ ಗೇಮ್. ಮೇಲೆ ನಿಮ್ಮದೇ ಅಕ್ಷರ: “ಮುದ್ದು ಮಗಳ ಹುಟ್ಟುಹಬ್ಬಕ್ಕೆ, ಅಪ್ಪ.”

ಗಿರಾಕಿಗಳು ಆಡಿ ನೋಡಲೆಂದು ನೀವು ಇಟ್ಟಿದ್ದ ಸೆಟ್ಟನ್ನೂ ಅದರಲ್ಲೇ ತುರುಕಿದ್ದೇನೆ. ನೀವು ನನಗೆ ಹೀಗೆ ಮಾಡಿದ್ದನ್ನು ಅಕ್ಕನಿಗೆ ನಾನು ಹೇಳುವುದಿಲ್ಲ. ಹೊಸ ಆಟ ಎಲ್ಲಿ ಎಂದು ಕೇಳುವವರಿಗೆ ಮಾತ್ರ ಇನ್ನು ನಿಮ್ಮ ಮನೆಯ ವಿಳಾಸ ಕೊಡುತ್ತೇನೆ. ಮೊದಲು ನರ್ಸಮ್ಮ ಬರುತ್ತಾರೆ. ಅವರಿಗೂ ಒಬ್ಬಳು ಮುದ್ದು ಮಗಳಿದ್ದಾಳೆ.

ಇಂತಿ,
ನಿಮ್ಮ ಮಾತು ನಂಬಿದ ನಾದಿನಿ