ಮೇಲಿನ ಹಲ್ಲು, ಕೆಳಗಿನ ತುಟಿ

ತೊಂಗ್‌ಯಂಗ್
2018ರ ನವೆಂಬರ್ 20, ಮಂಗಳವಾರ

ಮಗಳು ಯನ್‌ಜುಗೆ ಅಮ್ಮನ ಆಶೀರ್ವಾದ.

ನೀನು ಕಳಿಸಿದ ಪೆಟ್ಟಿಗೆ ಬಂದು ಇಪ್ಪತ್ತಮೂರು ದಿನವಾಯಿತು. ಕೈಗೆ ಹಚ್ಚುವ ಮುಲಾಮು, ಜಿನ್‌ಸೆಂಗ್ ಬೇರಿನ ರಸ, ಉಣ್ಣೆಯ ಕಾಲುಚೀಲ ಎಲ್ಲವೂ ಸಿಕ್ಕಿವೆ. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸಿಂಪಿ ಬಿಡಿಸಿ ಮಾಂಸ ತೆಗೆಯುವ ಕಾಲ, ಬಿಡುವಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ಅರ್ಧ ಸುಳ್ಳು. ಮೂರು ಸಲ ಬರೆಯಲು ಕೂತೆ, ಮೂರು ಸಲ ಹರಿದು ಹಾಕಿದೆ.

ಈ ಕಾಲದಲ್ಲೂ ಕಾಗದ ಯಾಕೆ ಎಂದು ನೀನು ನಗುತ್ತೀಯೆ. ಫೋನು ಮಾಡಿದರೆ "ಅಮ್ಮ, ಮೀಟಿಂಗಲ್ಲಿದ್ದೀನಿ" ಎನ್ನುತ್ತೀಯೆ. ಮೊಬೈಲಿನಲ್ಲಿ ಬರೆಯೋಣವೆಂದರೆ ಮೀನು ಕೊಯ್ದು ಕೊಯ್ದು ದಪ್ಪಗಾದ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಅಲ್ಲದೆ ಈ ವರ್ಷವಿಡೀ ಇಂಗ್ಲಿಷಿನ ಜತೆ ಗುದ್ದಾಡಿದ ಮೇಲೆ ನಮ್ಮ ಅಕ್ಷರದ ಮೇಲೆ ನನಗೆ ಹೊಸದಾಗಿ ಪ್ರೀತಿ ಹುಟ್ಟಿದೆ. ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಯಾವ ಅಕ್ಷರವೂ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರುವುದಿಲ್ಲ.

ಊರಿನ ಸುದ್ದಿ. ಸಿಂಪಿ ಈ ಸಲ ಚೆನ್ನಾಗಿ ತುಂಬಿಕೊಂಡಿದೆ. ನನ್ನ ಪಕ್ಕದ ಅಂಗಡಿಯ ಸಮ್‌ಚನ್‌ಪೊದವಳು ಮಂಡಿನೋವಿಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದಾಳೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಚಳಿಗಾಲದ ಕಿಮ್ಚಿಗೆ ಕೋಸು ಹೇಳಿಟ್ಟಿದ್ದೇನೆ. ನಿಮ್ಮ ಮನೆಗೆ ಎಷ್ಟು ಬೇಕೆಂದು ನೀನು ಇನ್ನೂ ಹೇಳಿಲ್ಲ.

ಪೆಟ್ಟಿಗೆಯಲ್ಲಿಟ್ಟ ಕಾಗದದಲ್ಲಿ ನೀನು ಕೇಳಿದ್ದು ಬೇರೆಯೇ ಎಂದು ಗೊತ್ತು. ಈಗ ಇಟ್ಟುಕೊಂಡಿರುವ, ಇಂಗ್ಲಿಷ್ ಬಲ್ಲ ಆಯಾ ಡಿಸೆಂಬರಿನಲ್ಲಿ ಬಿಟ್ಟು ಹೋಗುತ್ತಾಳೆ, ಅಷ್ಟರಲ್ಲಿ ನಾನು ಸಿಯೋಲ್‌ಗೆ ಮರಳಿ ಬರಬೇಕು ಎಂದು ಬರೆದಿದ್ದೀಯೆ. ಜತೆಗೆ, ಜನವರಿಯ ಮರುಪರೀಕ್ಷೆ ಮುಗಿಯುವ ತನಕ ಮೊಮ್ಮಗಳು ಇಸೊಲ್ ಜತೆ ಮಾತು ಆದಷ್ಟು ಕಡಿಮೆ ಮಾಡು ಎಂದೂ ಬರೆದಿದ್ದೀಯೆ. ಆ ಸಾಲನ್ನು ಓದಿ ಕಾಗದ ಮಡಿಸಿಟ್ಟು ಒಂದು ಬುಟ್ಟಿ ಮೀನು ಕೊಯ್ದೆ. ಬರುತ್ತೇನೋ ಇಲ್ಲವೋ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು.

ಇಸೊಲ್‌ಳನ್ನು ಆ ಇಂಗ್ಲಿಷ್ ಶಿಶುವಿಹಾರಕ್ಕೆ ಸೇರಿಸಲು ಪರೀಕ್ಷೆ ಕೊಡಿಸಬೇಕು ಎಂದು ನಾನು ನಿಮ್ಮ ಮನೆಯಲ್ಲಿದ್ದಾಗ ನೀನು ಮಾರ್ಚಿನಲ್ಲಿ ಹೇಳಿದೆಯಲ್ಲ, ಐದು ವರ್ಷದ ಕೂಸಿಗೆ ಪರೀಕ್ಷೆ. ಚಿತ್ರದ ಚೀಟಿಗಳ ಕಟ್ಟು ತಂದು ನನ್ನ ಕೈಗಿಟ್ಟು, "ಅಮ್ಮ, ಸಂಜೆ ದಿನಾ ಹತ್ತು ಚೀಟಿ ಹೇಳ್ಸು, ನಾವು ಬರೋದು ಲೇಟಾಗುತ್ತೆ" ಎಂದೆ. ನಾನು ಓದಿದ್ದು ಆರನೇ ಕ್ಲಾಸು. ಎ ಯಾವುದು ಎಚ್ ಯಾವುದು ಎಂದು ಗೊತ್ತಿತ್ತು, ಅವು ಒಟ್ಟಿಗೆ ಕೂತರೆ ಏನು ಮಾಡುತ್ತವೆ ಎಂದು ಗೊತ್ತಿರಲಿಲ್ಲ. ನಿನ್ನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಮಂಗಳವಾರ, ಗುರುವಾರ ಬೆಳಿಗ್ಗೆ ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದೆನಲ್ಲ, ಹೋಗುತ್ತಿದ್ದದ್ದು ಬೀದಿ ಕೊನೆಯ ಗ್ರಂಥಾಲಯಕ್ಕೆ. ಅಲ್ಲಿ ಮುದುಕರಿಗೆ ಇಂಗ್ಲಿಷ್ ಅಕ್ಷರದ ಪಾಠ. ಮನೆಗೆ ಬರುವ ಮೊದಲು ಕೂದಲು ಒದ್ದೆ ಮಾಡಿಕೊಳ್ಳುತ್ತಿದ್ದೆ.

ಪಾಠ ಹೇಳುವವಳು ಮಿನ್ ಎಂಬ ಹುಡುಗಿ, ನಿನಗಿಂತ ಚಿಕ್ಕವಳು. ಎಷ್ಟು ತಾಳ್ಮೆ ಎನ್ನುತ್ತೀ. ಮೊದಲ ದಿನವೇ ಹೇಳಿದಳು: "ಅಜ್ಜಿ, ನೀವು ಎಲ್ಲದಕ್ಕೂ ಬಾಲ ಸೇರಿಸ್ತೀರ. ಕ್ಯಾಟು ಅಲ್ಲ, ಕ್ಯಾಟ್. ಬಸ್ಸು ಅಲ್ಲ, ಬಸ್. ಅಲ್ಲೇ ನಿಲ್ಲಿಸ್ಬೇಕು." ನಮ್ಮ ಜತೆ ಮಾ ಎಂಬ ಯಜಮಾನರಿದ್ದರು, ಬಸ್ ಓಡಿಸಿ ನಿವೃತ್ತರಾದವರು. ಅವರು ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಮೂವತ್ತೊಂದು ವರ್ಷ ಬಸ್ಸು ಓಡ್ಸಿದೀನಮ್ಮ. ಎಲ್ಲೆಲ್ಲಿ ನಿಲ್ಲಿಸ್ಬೇಕು ಅಂತ ಈಗ ನಿನ್ನತ್ರ ಕಲೀಬೇಕಾ?"

ಇನ್ನೊಂದು ದಿನ ಕಾಪಿಯ ಪಾಠ. "ಕಾಪಿ ಅಂದ್ರೆ ನಕಲು ಅಜ್ಜಿ, ನೀವು ಕುಡಿಯೋದು ಕಾಫಿ" ಎಂದು ಮಿನ್ ಟೀಚರ್ ತಿದ್ದಿದಳು. "ನಮ್ಮನೇಲಿ ಮಾಡೋದು ನಕಲೇ ಬಿಡಮ್ಮ" ಎಂದರು ಮಾ ಯಜಮಾನರು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ನಿಯಮಗಳೆಂದರೆ ನಿಯಮಗಳು. ಪದದ ಕೊನೆಯಲ್ಲಿ ಬರುವ ಇ ಅಕ್ಷರ ತಾನು ಸದ್ದು ಮಾಡುವುದಿಲ್ಲ, ಆದರೆ ಹಿಂದೆ ಕೂತಿರುವ ಸ್ವರದ ದನಿಯನ್ನೇ ಬದಲಿಸಿಬಿಡುತ್ತದೆ. ಅದು ಇಲ್ಲದಿದ್ದರೆ ಪಿನ್, ಇದ್ದರೆ ಪೈನ್. ಇದನ್ನು ಇಲ್ಲಿ ಸಮ್‌ಚನ್‌ಪೊದವಳಿಗೆ ಹೇಳಿದೆ. ಅವಳು "ನಮ್ಮತ್ತೆ ಹಂಗೇ ಇದ್ಲು ಕಣೆ. ಒಂದ್ ಮಾತಾಡ್ತಿರ್ಲಿಲ್ಲ, ಅವಳು ಬಾಗಿಲಲ್ಲಿ ಕೂತ್ರೆ ನನ್ನ ದನೀನೇ ಬೇರೆ ಆಗೋದು" ಎಂದಳು. ಆ ನಿಯಮವನ್ನು ಅಲ್ಲಿ ನಾನು ಒಂದು ವಾರ ಉರು ಹೊಡೆದಿದ್ದೆ. ಆಮೇಲೆ ಮಿನ್ ಟೀಚರ್ ಮೆಲ್ಲಗೆ ಹೇಳಿದಳು, ಹ್ಯಾವ್ ಮತ್ತು ಗಿವ್ ಎಂಬ ಎರಡು ಪದ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು. ಅರ್ಥ ಕೇಳಿದೆ. ಒಂದು 'ಇರುವುದು', ಇನ್ನೊಂದು 'ಕೊಡುವುದು'. ಸರಿಯಾಗಿಯೇ ಇದೆ, ಇವೆರಡರ ವಿಷಯದಲ್ಲಿ ಯಾವ ಮನೆಯಲ್ಲಿ ನಿಯಮ ನಡೆದಿದೆ?

ಕತ್ತಿಗೆ ಅವರು ನೈಫ್ ಎನ್ನುತ್ತಾರೆ. ನಲವತ್ತು ವರ್ಷ ಕೈಯಲ್ಲಿ ಹಿಡಿದ ವಸ್ತು. ಬರೆಯುವಾಗ ಮೊದಲು ಕೆ ಬರೆಯಬೇಕು, ಅದು ಮೂಗಿ. ಕೊನೆಗೆ ಇ, ಅದೂ ಮೂಗಿ. ನಡುವೆ ಎಫ್, ನನ್ನ ಶತ್ರು. ನಾನು ಮೊದಲ ಸಲ ಓದಿದ್ದು 'ಕ್ನಿಪೆ' ಎಂದು. ಮಿನ್ ಟೀಚರ್ ನಗಲಿಲ್ಲ, ಕನ್ನಡಿ ತಂದು ನನ್ನ ಮುಂದೆ ಇಟ್ಟಳು. "ಮೇಲಿನ ಹಲ್ಲು ಕೆಳಗಿನ ತುಟಿ ಮೇಲೆ ಮೆತ್ತಗೆ ಕೂರಲಿ ಅಜ್ಜಿ, ಈಗ ಗಾಳಿ ಬಿಡಿ." ನನ್ನ ಮೇಲಿನ ಹಲ್ಲು ಕಟ್ಟಿಸಿದ ಸೆಟ್ಟು ಎಂದು ಅವಳಿಗೇನು ಗೊತ್ತು. ಗಾಳಿ ಬಿಟ್ಟರೆ ಸೆಟ್ಟೇ ಮುಂದಕ್ಕೆ ಬರುತ್ತಿತ್ತು. ಅದಕ್ಕೇ ತುಟಿ ಬಿಗಿ ಹಿಡಿಯುತ್ತಿದ್ದೆ. ತುಟಿ ಬಿಗಿದರೆ ಬರುವುದು ಪಕಾರವೇ.

ನಾನು ಕಲಿತದ್ದನ್ನು ಅದೇ ಸಂಜೆ ಇಸೊಲ್‌ಗೆ ಹೇಳಿಕೊಡುತ್ತಿದ್ದೆ. ಅವಳು ಚೀಟಿ ಎತ್ತುವಳು, ನಾನು ಹೇಳುವೆನು, ಅವಳು ನನ್ನ ತೊಡೆಯ ಮೇಲೆ ಕೂತು ನನ್ನ ಬಾಯನ್ನೇ ನೋಡುತ್ತಾ ಹೇಳುವಳು. ನನ್ನ ಜೀವನದಲ್ಲಿ ಯಾರೂ ನನ್ನ ಬಾಯಿಯನ್ನು ಅಷ್ಟು ನಂಬಿಕೆಯಿಂದ ನೋಡಿರಲಿಲ್ಲ. ಮೀನಿನ ಚೀಟಿ ಬಂದಾಗ ನನಗೆ ಹೆಮ್ಮೆ. ಇದು ಅಜ್ಜಿಯ ಚೀಟಿ ಎಂದು ಹೇಳಿ, ಜೋರಾಗಿ 'ಪಿಶಿ' ಎಂದೆ. ಅವಳೂ 'ಪಿಶಿ' ಎಂದಳು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಅವರು ಮೊದಲು ಎತ್ತಿದ್ದು ಅದೇ ಚೀಟಿ. ಅದು ನನ್ನ ಹಣೆಬರಹ.

ಆ ರಾತ್ರಿಯ ಊಟ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಅಕ್ಷರ ಅಕ್ಷರ ನೆನಪಿದೆ. ನೀನು ಚಮಚ ಕೆಳಗಿಟ್ಟು, "ಅಮ್ಮ, ಪಿಶಿ ಅಂತ ನೀನು ಹೇಳ್ಕೊಟ್ಟಿದ್ದಾ?" ಎಂದೆ. ಹೌದು ಎಂದೆ ನಾನು.

"ಕ್ಯಾಟು, ಡಾಗು, ಬಸ್ಸು. ಒಂದೂ ಸರಿಯಾಗಿ ಹೇಳ್ಲಿಲ್ಲ ಅವಳು. ಅಲ್ಲಿನ ಟೀಚರ್ ನಗ್ತಾ ಕೇಳಿದ್ಲು, ಮನೇಲಿ ಮಗೂನ ಯಾರಾದ್ರೂ ವಯಸ್ಸಾದೋರು ನೋಡ್ಕೊಳ್ತಾರಾ ಅಂತ. ನಂಗೆ ತಲೆ ಎತ್ತೋಕಾಗ್ಲಿಲ್ಲ."

"ಮುಂದಿನ ಸಲ ಸರಿ ಹೋಗತ್ತೆ ಬಿಡೇ, ನಾನೂ ಕಲೀತಾ..." ಎಂದು ಏನೋ ಶುರು ಮಾಡಿದೆ.

"ಬೇಡಮ್ಮ. ಇನ್ಮೇಲೆ ಅವಳತ್ರ ಇಂಗ್ಲಿಷ್ ಬೇಡ. ಸ್ವಲ್ಪ ದಿನ ಮಾತೇ ಕಮ್ಮಿ ಮಾಡು. ನಿನ್ನ ಊರಿನ ರಾಗಾನೂ ಅಂಟ್ಕೊಳ್ತಿದೆ ಅವಳಿಗೆ. ಒಂದ್ಸಲ ಅಂಟಿದ್ರೆ ಬಿಡಲ್ಲ."

ಅಳಿಯಂದಿರು ಸಾರಿನಲ್ಲಿ ಏನೋ ಹುಡುಕುತ್ತಿದ್ದರು. ಒಳ್ಳೆಯವರು, ಆದರೆ ಅವರಿಗೆ ಬೇಕಾದದ್ದು ಯಾವಾಗಲೂ ಸಾರಿನ ತಳದಲ್ಲೇ ಇರುತ್ತದೆ.

ಯನ್‌ಜು, ನೀನೂ ಈ ರಾಗವನ್ನೇ ಕುಡಿದು ಬೆಳೆದವಳು. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮೀನು ಕೂಗಿ ಮಾರುತ್ತಿದ್ದೆ. ನೀನು ಆಡಿದ ಮೊದಲ ಮಾತು 'ಅಮ್ಮ' ಅಲ್ಲ, 'ಮೀನು'. ಮಾರುಕಟ್ಟೆಯ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಕ್ಕಿದ್ದರು. ಸಿಯೋಲ್‌ಗೆ ಹೋದ ಮೇಲೆ ಆ ರಾಗವನ್ನು ನೀನು ಹೇಗೆ ಕಳಚಿದೆ ಎಂದು ನಾನು ಕೇಳಲಿಲ್ಲ. ಅಂಟಿದರೆ ಬಿಡುವುದಿಲ್ಲ ಎಂದೆಯಲ್ಲ, ನಿನ್ನನ್ನು ಬಿಟ್ಟಿತಲ್ಲ.

ಆಮೇಲಿನ ಹತ್ತು ದಿನ ನಾನು ನೀನು ಹೇಳಿದಂತೆಯೇ ಇದ್ದೆ. ಇಸೊಲ್ ಚೀಟಿ ಹಿಡಿದು ಬಂದರೆ ತಲೆಯಾಡಿಸುತ್ತಿದ್ದೆ. ಅವಳು ಅದನ್ನು ಆಟ ಎಂದುಕೊಂಡು ನನ್ನ ತುಟಿಗಳನ್ನು ಬೆರಳಿನಿಂದ ಬಿಡಿಸಲು ನೋಡುತ್ತಿದ್ದಳು. ಹನ್ನೊಂದನೆಯ ದಿನ ನೀನು, "ಅಮ್ಮ, ಊರಿಗೆ ಹೋಗಿ ಸ್ವಲ್ಪ ದಿನ ಆರಾಮ ಮಾಡು" ಎಂದೆ. ಟಿಕೆಟ್ಟನ್ನೂ ನೀನೇ ಆಗಲೇ ತೆಗೆಸಿಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡೆ. ಆಮೇಲೆ, ಬರೆ ಬಿದ್ದದ್ದು ಸರಿಯಾದ ಪ್ರಾಣಿಗೇ ಇರಬಹುದು ಎಂದೂ ಅನ್ನಿಸಿತು. ತಪ್ಪು ಹೇಳಿಕೊಟ್ಟವಳು ನಾನೇ ತಾನೆ.

ಅದಕ್ಕೇ ಇಲ್ಲಿ ಬಂದವಳು ಸುಮ್ಮನೆ ಕೂರಲಿಲ್ಲ. ಮೊದಲು ದಂತವೈದ್ಯರ ಬಳಿ ಹೋಗಿ ಮೇಲಿನ ಸೆಟ್ಟನ್ನು ಬಿಗಿ ಮಾಡಿಸಿದೆ. ಮೀನಿನ ಹಲಗೆಯ ಹಿಂದೆ ಒಂದು ಕನ್ನಡಿ ಸಿಕ್ಕಿಸಿದೆ. ಗಿರಾಕಿಗಳಿಲ್ಲದಾಗ ಹಲ್ಲು ತುಟಿಯ ಮೇಲಿಟ್ಟು ಗಾಳಿ ಬಿಡುತ್ತಿದ್ದೆ.

"ಲೇ ಯನ್‌ಜು ಅಮ್ಮ, ಬೆಳಗಿಂದ ಏನೇ ಅದು ಫೂ ಫೂ ಅಂತ? ಒಲೆ ಊದ್ತಿದ್ದೀಯಾ?" ಎಂದಳು ಸಮ್‌ಚನ್‌ಪೊದವಳು.

"ಇಂಗ್ಲಿಷ್ ಕಣೆ."

"ಸತ್ತ ಮೀನಿಗೆ ಉಸಿರು ತುಂಬ್ತಿದ್ದೀಯ ಅಂದ್ಕೊಂಡೆ."

ಹೋದ ವಾರ ಹಡಗುಕಟ್ಟೆಯಲ್ಲಿ ಕೆಲಸ ಮಾಡುವ ಒಬ್ಬ ಬಿಳಿಯ ಬಂದ. ನಾನು ಕೈ ತೋರಿಸಿ 'ಫಿಶ್' ಎಂದೆ. ಅವನು ತಲೆಯಾಡಿಸಿ 'ಫಿಶ್' ಎಂದ. ಸಮ್‌ಚನ್‌ಪೊದವಳ ಕಡೆ ಜಂಬದಿಂದ ನೋಡಿದರೆ ಅವಳು, "ಅಂಗಡಿ ತುಂಬಾ ಮೀನು ಹರವ್ಕೊಂಡು ಮೀನು ಅಂದ್ರೆ ಯಾರಿಗೆ ತಿಳಿಯಲ್ಲ, ಹೋಗೇ" ಎಂದಳು. ಅವಳ ಮಾತಿಗೆ ಬೆಲೆ ಕೊಡದೆ ಮಿನ್ ಟೀಚರಿಗೇ ಫೋನು ಮಾಡಿ ಇಪ್ಪತ್ತು ಪದ ಒಪ್ಪಿಸಿದೆ. ನೈಫ್, ಕಾಫಿ, ಬಸ್, ಫಿಶ್. ಆ ಹುಡುಗಿ, "ಅಜ್ಜಿ, ಎಲ್ಲಾ ಸರಿಯಾಗಿದೆ. ನಂಗಿಂತ ಚೆನ್ನಾಗಿದೆ" ಎಂದಳು. ಅರವತ್ತಾರು ವರ್ಷಕ್ಕೆ ಮೊದಲ ಸಲ ಪರೀಕ್ಷೆಯಲ್ಲಿ ಪಾಸಾದೆ.

ಇದನ್ನೆಲ್ಲ ಡಿಸೆಂಬರಿನಲ್ಲಿ ಬಂದು ನಿನ್ನ ಮುಂದೆ ಒಂದೇ ಸಲ ಹೇಳಿ ಬೆರಗು ಮಾಡಬೇಕು ಎಂದಿದ್ದೆ. ಊಟದ ಮೇಜಿನಲ್ಲಿ, ಅಳಿಯಂದಿರ ಮುಂದೆ, ಆ ಚೀಟಿ ಎತ್ತಿ ಹೇಳಬೇಕು ಎಂದಿದ್ದೆ. ಚೀಲವನ್ನೂ ಅರ್ಧ ಕಟ್ಟಿದ್ದೆ.

ಈಗ ಬರುವುದಿಲ್ಲ. ಸಿಂಪಿಯ ಕೆಲಸ ಫೆಬ್ರವರಿಯ ತನಕ ಇರುತ್ತದೆ, ನಾನಿಲ್ಲದಿದ್ದರೆ ಸಮ್‌ಚನ್‌ಪೊದವಳ ಮಂಡಿಗೆ ಕಷ್ಟ. ಬೇರೆ ಆಯಾಳನ್ನು ಹುಡುಕಿಕೋ. ಕಿಮ್ಚಿ ಮಾಡಿ ಪಾರ್ಸೆಲ್ ಕಳಿಸುತ್ತೇನೆ. ಇಸೊಲ್ ಪಾಲಿನದನ್ನು ಖಾರವಿಲ್ಲದೆ ಬೇರೆ ಡಬ್ಬಿಯಲ್ಲಿ ಹಾಕಿರುತ್ತೇನೆ, ಬೆರೆಸಿಬಿಡಬೇಡ.

ನೀನು, ಅಳಿಯಂದಿರು ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿನ್ನ ಮಗಳು ಪರೀಕ್ಷೆಯಲ್ಲಿ ಗೆಲ್ಲಲಿ, ದೊಡ್ಡವಳಾಗಲಿ, ಎಲ್ಲಿ ಹೋದರೂ ಬಾಯಿ ತೆರೆಯಲು ಹೆದರದವಳಾಗಲಿ. ಇದು ಬಾಯಿಮಾತಿನ ಹರಕೆಯಲ್ಲ.

ನಿನ್ನ ಅಮ್ಮ,
ಬೊಕ್‌ನಿಮ್

ಸಹಿ ಹಾಕಿದ ಮೇಲೆ ನೆನಪಾದದ್ದು ಎಂದು ಬರೆಯಬೇಕು, ಆದರೆ ಮರೆತೇ ಇರಲಿಲ್ಲ. ಸಿಂಪಿ ಒಂದು ನೆಪ. ಮೊನ್ನೆ ಭಾನುವಾರ ಮಧ್ಯಾಹ್ನ ನೀವಿಬ್ಬರೂ ಮದುವೆಗೆ ಹೋಗಿದ್ದಾಗ ಇಸೊಲ್ ಆಯಾಳ ಫೋನಿನಿಂದ ನನಗೆ ಫೋನು ಮಾಡಿದ್ದಳು. ನನ್ನ ನಂಬರನ್ನು ಹಾಡಿನಂತೆ ಬಾಯಿಪಾಠ ಮಾಡಿಸಿದ್ದೆ, ನಾನು ತಪ್ಪಿಲ್ಲದೆ ಕಲಿಸಿದ ಪಾಠ ಅದೊಂದೇ. ಅವಳನ್ನು ಬೈಯಬೇಡ. ಪಿಸುಮಾತಿನಲ್ಲಿ ಕೇಳಿದಳು: "ಅಜ್ಜಿ, ನಿನ್ನ ಗಂಟಲು ವಾಸಿ ಆಯ್ತಾ? ನಿಂಗೆ ಗಂಟಲಲ್ಲಿ ಕಾಯಿಲೆ, ನೀನು ಮಾತಾಡಿದ್ರೆ ನಂಗೂ ಅಂಟುತ್ತೆ, ಅದಕ್ಕೇ ಊರಿಗೆ ಕಳಿಸಿದ್ದು ಅಂತ ಅಮ್ಮ ಹೇಳಿದ್ಲು. ಫೋನಲ್ಲಿ ಅಂಟಲ್ಲ ಅಲ್ವಾ? ವಾಸಿಯಾಗಿದ್ರೆ ಮೀನಿನ ಚೀಟಿ ಹೇಳು." ನನ್ನ ಹಲ್ಲು ಆಗಲೇ ತುಟಿಯ ಮೇಲೆ ಕೂತಿತ್ತು, ಗಾಳಿಯೂ ಸಿದ್ಧವಾಗಿತ್ತು. ಸರಿಯಾಗಿ ಹೇಳಿದರೆ ಮಗುವಿನ ಮುಂದೆ ನೀನು ಸುಳ್ಳಿಯಾಗುತ್ತಿದ್ದೆ. ಅದಕ್ಕೆ ಕೆಮ್ಮಿದೆ. ಅವಳು ಫೋನು ಇಡುವ ತನಕ ಕೆಮ್ಮುತ್ತಲೇ ಇದ್ದೆ.